ಸಾಧನೆ ಮಾಡಿದ ಮೇಲೆ ಗಂಟಲು ಬಿಗಿಯುತ್ತದೆ: ಹಾಡುವ ಕ್ರಮ ಸರಿಯಿದೆಯೋ ಇಲ್ಲವೋ ನಾವೇ ತಿಳಿಯುವುದು ಹೇಗೆ?

ಐದೂವರೆ_ಮನೆ (ಪ್ರಶ್ನೆ)

ನಮಸ್ಕಾರ. ಕರ್ನಾಟಕ ಸಂಗೀತ ಹಾಡುಗಾರಿಕೆ, ಹೆಣ್ಣು ಧ್ವನಿ, ಶ್ರುತಿ (ಆಧಾರ ಷಡ್ಜದ ಎತ್ತರ) ಐದೂವರೆ ಮನೆ. ಜೂನಿಯರ್ ಪರೀಕ್ಷೆ ಮುಗಿದು ಸೀನಿಯರ್‌ಗೆ ತಯಾರಿ ನಡೆದಿದೆ. ದಿನಕ್ಕೆ ಸುಮಾರು ಒಂದು ಗಂಟೆ ಸಾಧನೆ: ಸರಳೆ, ಜಂಟಿ ವರಸೆ (ಆರಂಭದ ಸ್ವರಪಾಠ) ಮೂರು ಕಾಲ ಅಂದರೆ ಮೂರು ವೇಗದಲ್ಲಿ, ಸ್ವಲ್ಪ ಅಕಾರ (‘ಆ’ ಎಂದು ಹಾಡುವುದು), ಕೊನೆಗೆ ವರ್ಣ ಎಂಬ ಅಭ್ಯಾಸದ ರಚನೆ ಎರಡು ಕಾಲದಲ್ಲಿ. ಹಗಲು ಹೊತ್ತು ಪ್ರೌಢಶಾಲೆಯಲ್ಲಿ ಪಾಠ ಮಾಡುವ ಕೆಲಸ.

ಅನುಮಾನ ಬಂದಿರುವುದು ಮೂರು ಕಾರಣಕ್ಕೆ. ಅರ್ಧ ಗಂಟೆ ದಾಟಿದರೆ ಗದ್ದದ ಕೆಳಗೆ, ಕತ್ತಿನ ಎರಡೂ ಪಕ್ಕ ಬಿಗಿ ಬರುತ್ತದೆ, ನೋವು ಅನ್ನುವಂತಿಲ್ಲ. ತಾರಸ್ಥಾಯಿ (ಮೇಲಿನ ಸ್ಥಾಯಿ) ಗಾಂಧಾರ ಜೋರಾಗಿ ಹಿಡಿದರೆ ನಿಲ್ಲುತ್ತದೆ, ಮೆಲ್ಲಗೆ ಹಿಡಿಯಹೋದರೆ ಬರೀ ಗಾಳಿ. ಮಂದ್ರ (ಕೆಳಗಿನ ಸ್ಥಾಯಿ) ಪಂಚಮ ಇದೆ, ಆದರೆ ಪಕ್ಕದ ಕೋಣೆಗೆ ಕೇಳುವುದಿಲ್ಲ.

ನಮ್ಮ ಮೇಷ್ಟ್ರು “ಬಾಯಿ ಬಿಟ್ಟು ಎದೆ ತುಂಬಿ ಹಾಡಮ್ಮ, ಕಳ್ಳ ಧ್ವನಿ ಬೇಡ” ಅನ್ನುತ್ತಾರೆ, ಅಂದರೆ ಎದೆಯ ದನಿ ಬಿಟ್ಟು ತೆಳು ದನಿಗೆ ಜಾರಬಾರದು ಎಂದು. ಯೂಟ್ಯೂಬ್ ನೋಡಿದರೆ ಸ್ವಲ್ಪ ಶ್ರಮ ಅನ್ನಿಸಿದರೂ ತಕ್ಷಣ ನಿಲ್ಲಿಸಿ ಅನ್ನುತ್ತಾರೆ. ಪಾಠ ಇರುವುದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ನಾನೇ ಹೇಗೆ ಪರೀಕ್ಷಿಸಿಕೊಳ್ಳಲಿ? ಎಷ್ಟು ದಣಿವು ಸಹಜ, ಎಲ್ಲಿಂದ ಆಚೆಗೆ ಅಪಾಯ? ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಮಂದ್ರ_ಪಂಚಮ

ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ ಮೇಡಂ. ಜೋರಾಗಿ ಹಾಡಿದಾಗ ಮಾತ್ರ ನಿಲ್ಲುವ ಗಾಂಧಾರವನ್ನು ನೀವು ತಳ್ಳಿ ತರಿಸುತ್ತಿದ್ದೀರಿ. ಧ್ವನಿ ತಂತುಗಳು ಒಂದಿಷ್ಟು ಊದಿಕೊಂಡಿರಲಿ, ಗಂಟಲ ಸ್ನಾಯುಗಳು ಬಿಗಿ ಹಿಡಿದಿರಲಿ, ಕೆಳಗಿನಿಂದ ಗಾಳಿಯ ಒತ್ತಡ ಹೆಚ್ಚಿಸಿದರೆ ಹೇಗೋ ಕಂಪಿಸುತ್ತವೆ. ಒತ್ತಡ ಇಳಿಸಿದ ಕೂಡಲೇ ಕಂಪನ ಶುರುವಾಗದೆ ಗಾಳಿ ಸೋರುತ್ತದೆ. ಆದ್ದರಿಂದ ಪರೀಕ್ಷೆ ಮಾಡುವುದಿದ್ದರೆ ಮೆಲುದನಿಯಲ್ಲೇ ಮಾಡಬೇಕು. ಅಮೆರಿಕದ ಗಂಟಲು ತಜ್ಞ ರಾಬರ್ಟ್ ಬಾಸ್ಟಿಯನ್ ಮತ್ತು ಸಂಗಡಿಗರು 1990ರಲ್ಲಿ ಇದೇ ತತ್ವದ ಸರಳ ಪರೀಕ್ಷೆಗಳನ್ನು ಪ್ರಕಟಿಸಿದರು: ಪರಿಚಿತ ಸಾಲೊಂದನ್ನು ಮೇಲಿನ ಸ್ಥಾಯಿಯಲ್ಲಿ ತೀರಾ ಮೆಲ್ಲಗೆ ಹಾಡಿಸಿ ತಂತು ಊದಿದೆಯೇ ಎಂದು ಗುರುತಿಸುವುದು. ನಮ್ಮ ಪದ್ಧತಿಗೆ ಹೊಂದಿಸಿಕೊಂಡರೆ ಹೀಗೆ.

ಬೆಳಿಗ್ಗೆ ಎದ್ದು ಒಂದು ಗಂಟೆ ಕಳೆದ ಮೇಲೆ, ಸಾಧನೆಗೆ ಮೊದಲು ತಂಬೂರಿ ಹಾಕಿ. ಮಗು ಮಲಗಿರುವ ಕೋಣೆಯಲ್ಲಿ ಗುನುಗುವಷ್ಟು ಮೆಲ್ಲಗೆ, ‘ಊ’ಕಾರದಲ್ಲಿ ಪ ದ ನಿ ಸ ನಿ ದ ಪ ಹಾಡಿ. ಆಮೇಲೆ ಮೇಲಿನ ಸ ರಿ ಸ, ಸ ರಿ ಗ ರಿ ಸ, ಸ ರಿ ಗ ಮ ಗ ರಿ ಸ. ಗಮಕ (ಸ್ವರದ ಓಲಾಟ) ಬೇಡ, ಜೋರು ಮಾಡಿ ಗೆಲ್ಲಿಸುವುದೂ ಬೇಡ. ಗಮನಿಸಬೇಕಾದ್ದು ಮೂರು: ಗಾಳಿ ಮೊದಲು ಬಂದು ಸ್ವರ ತಡವಾಗಿ ಹುಟ್ಟುತ್ತದೆಯೇ, ನಡುವೆ ಚೂರು ಕಡಿಯುತ್ತದೆಯೇ, ಒಂದರೊಳಗೆ ಇನ್ನೊಂದು ಒರಟು ದನಿ ಸೇರಿಕೊಳ್ಳುತ್ತದೆಯೇ. ಯಾವ ಸ್ವರದಲ್ಲಿ ಇದು ಶುರುವಾಯಿತೋ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಇವತ್ತಿನ ಗುರುತು ರಿಷಭವೋ ಮಧ್ಯಮವೋ ಎಂಬುದು ಮುಖ್ಯವಲ್ಲ, ಅವರವರ ಕಂಠಕ್ಕೆ ತಕ್ಕ ಹಾಗೆ ಇರುತ್ತದೆ. ನೋಡಬೇಕಾದ್ದು ಅದು ಕೆಳಗೆ ಜಾರುತ್ತಿದೆಯೇ ಎಂದು. ನೆಗಡಿ, ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ಹಿಂದಿನ ದಿನಗಳು, ಇವುಗಳಲ್ಲಿ ಒಂದೆರಡು ಸ್ವರ ಇಳಿಯುವುದು ಸಹಜ. ಎರಡು ದಿನ ವಿಶ್ರಾಂತಿ ಕೊಟ್ಟರೂ ಹಳೆಯ ಜಾಗಕ್ಕೆ ಬರದಿದ್ದರೆ ಯೋಚಿಸಬೇಕು.

ಎರಡನೆಯದು ಮಾತಿನ ಧ್ವನಿ. ಸಾಧನೆಗೆ ಮುಂಚೆ, ಮುಗಿದ ಕೂಡಲೇ, ಮತ್ತೆ ಒಂದು ಗಂಟೆ ಬಿಟ್ಟು, ಮೂರು ಸಲ ಒಂದರಿಂದ ಇಪ್ಪತ್ತು ಎಣಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋನು ಬಾಯಿಂದ ಒಂದೇ ದೂರದಲ್ಲಿರಲಿ, ಒಂದು ಗೇಣು ಸಾಕು. ಸರಿಯಾಗಿ ಹಾಡಿದ ದಿನ ಎರಡನೇ ರೆಕಾರ್ಡಿಂಗು ಮೊದಲಿನಷ್ಟೇ ತಿಳಿಯಾಗಿರುತ್ತದೆ, ಎಷ್ಟೋ ಸಲ ಇನ್ನೂ ತಿಳಿಯಾಗಿರುತ್ತದೆ. ಒರಟಾಗಿದ್ದು ಒಂದು ಗಂಟೆಯಲ್ಲಿ ತಿಳಿಯಾದರೆ ಆ ದಿನದ ಪ್ರಮಾಣ ಸ್ವಲ್ಪ ಹೆಚ್ಚಾಯಿತು ಅಷ್ಟೆ. ಮರುದಿನ ಬೆಳಿಗ್ಗೆಯೂ ಒರಟಿದ್ದರೆ ಹಾಡುವ ಕ್ರಮದಲ್ಲೇ ತಪ್ಪಿದೆ, ಅಥವಾ ಹಗಲಿನ ಮಾತು ಅತಿಯಾಗಿದೆ.

ಇನ್ನು ಬಿಗಿ. ಪಕ್ಕೆಲುಬಿನ ಸುತ್ತ, ಕೆಳಹೊಟ್ಟೆಯಲ್ಲಿ, ಬೆನ್ನಿನಲ್ಲಿ ದಣಿವಾದರೆ ಒಳ್ಳೆಯದೇ. ಗದ್ದದ ಕೆಳಗಿನ ಬಿಗಿ ನಾಲಗೆಯ ಬುಡದ್ದು. ಹೆಬ್ಬೆರಳನ್ನು ಗದ್ದದ ಮೂಳೆಯ ಹಿಂದಿನ ಮೆತ್ತಗಿನ ಜಾಗಕ್ಕೆ ಹಗುರಾಗಿ ಒತ್ತಿಕೊಂಡು ಮಧ್ಯ ಷಡ್ಜದಿಂದ ತಾರ ಗಾಂಧಾರದವರೆಗೆ ಅಕಾರದಲ್ಲಿ ಹತ್ತಿ. ಮೇಲೇರಿದಂತೆ ಆ ಜಾಗ ಗಟ್ಟಿಯಾಗಿ ಬೆರಳನ್ನು ಕೆಳಗೆ ದೂಡಿದರೆ ನಾಲಗೆ ಹಿಂದಕ್ಕೆ ಸರಿದು ಧ್ವನಿಪೆಟ್ಟಿಗೆಯ ಮೇಲೆ ಕೂತಿದೆ ಎಂದೇ ಅರ್ಥ. ಮದ್ದು ಸುಲಭ, ನೋಡಲು ಮಾತ್ರ ವಿಚಿತ್ರ: ನಾಲಗೆಯನ್ನು ಕೆಳತುಟಿಯ ಮೇಲೆ ಸಡಿಲವಾಗಿ ಇಳಿಬಿಟ್ಟು ಜಂಟಿ ವರಸೆಯನ್ನು ಮೊದಲ ಕಾಲದಲ್ಲಿ ಅಕಾರದಲ್ಲಿ ಹಾಡಿ. ಹಾಗೆ ಹಾಡುವಾಗ ಮೇಲಿನ ಸ್ವರ ಹಗುರಾದರೆ ದೋಷ ಎಲ್ಲಿದೆ ಎಂಬುದು ಖಾತ್ರಿಯಾಯಿತು. ದಿನಕ್ಕೆ ಐದು ನಿಮಿಷ ಮಾಡಿ, ಆಮೇಲೆ ನಾಲಗೆ ತುದಿಯನ್ನು ಕೆಳಹಲ್ಲಿನ ಹಿಂದೆ ಇಟ್ಟು ಮಾಮೂಲಿಯಂತೆ ಹಾಡಿ.

ಕನ್ನಡಿ ಬಳಸಿ. ಹದಿಮೂರನೇ ಶತಮಾನದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಹಾಡುಗಾರರ 25 ದೋಷಗಳನ್ನು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಎಷ್ಟೋ ದೋಷಗಳನ್ನು ಕಣ್ಣಿನಿಂದಲೇ ಹಿಡಿಯಬಹುದು: ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಕತ್ತಿನ, ಮುಖದ ನರ ಉಬ್ಬಿಸುವವನು ಝೋಂಬಕ, ಕೆನ್ನೆ ಊದಿಸುವವನು ತುಂಬಕಿ, ಕತ್ತು ಓರೆ ಮಾಡುವವನು ವಕ್ರಿ. ಶ್ರೋತೃಗಳಿಗೆ ಚೆನ್ನಾಗಿ ಕಾಣಲಿ ಎಂದಷ್ಟೇ ಬರೆದ ಪಟ್ಟಿ ಅದು ಅನ್ನಿಸಬಹುದು, ಆದರೆ ಕತ್ತಿನ ನರ ಉಬ್ಬಿದಾಗ ಒಳಗೆ ಉಸಿರು ಅಡಗಿ ಕೂತಿರುತ್ತದೆ.

ಗಮಕಕ್ಕೂ ಒಂದು ನೋಟ. ಎರಡು ಬೆರಳು ಗದ್ದದ ಮೇಲಿಟ್ಟು ತೋಡಿ ರಾಗದ ಗಾಂಧಾರ, ಶಂಕರಾಭರಣದ ಮಧ್ಯಮ ಹಾಡಿ. ದವಡೆ ಅಲ್ಲಾಡುತ್ತಿದ್ದರೆ ಗಮಕ ಹುಟ್ಟುತ್ತಿರುವುದು ತಪ್ಪು ಜಾಗದಲ್ಲಿ. ಮೊದಲ ಕಾಲದಲ್ಲಿ ಇದು ಗೊತ್ತಾಗುವುದಿಲ್ಲ, ಎರಡನೇ ಕಾಲದಲ್ಲಿ ವರ್ಣದ ಚಿಟ್ಟೆಸ್ವರ (ಅದರಲ್ಲಿ ಬರುವ ಸ್ವರಗಳ ಗುಚ್ಛ) ಕಲಸಿಹೋಗುವುದು ಇದರಿಂದಲೇ. ದವಡೆಯ ಭಾರಕ್ಕೆ ಆ ವೇಗ ಸಿಕ್ಕುವುದಿಲ್ಲ.

ತೋಡಿ_ಪ್ರಿಯ

‘ಊ’ಕಾರದಲ್ಲಿ ಮೆಲ್ಲಗೆ ತಾರಸ್ಥಾಯಿ ಹಾಡುವುದು ಎಂದರೆ ಕಳ್ಳ ಧ್ವನಿಯನ್ನೇ ಅಭ್ಯಾಸ ಮಾಡಿಸಿದ ಹಾಗಲ್ಲವೇ ಸರ್? ಅದು ಒಮ್ಮೆ ರೂಢಿಯಾದರೆ ಕಚೇರಿಯಲ್ಲಿ ಎದೆಯ ದನಿ ಬರುವುದಿಲ್ಲ ಅಂತ ಹಿರಿಯರು ಬೈಯುವುದು ಸುಮ್ಮನೆ ಅಲ್ಲ. ಇವರ ಮೇಷ್ಟ್ರು ಹೇಳಿದ್ದೂ ಅದೇ ತಾನೆ?

ಮಂದ್ರ_ಪಂಚಮ

ಎರಡು ನಿಮಿಷದ ತಪಾಸಣೆ ಅದು, ಸಾಧನೆಯಲ್ಲ. ಮೇಷ್ಟ್ರು ಬೇಡ ಅನ್ನುವುದು ಮಧ್ಯಸ್ಥಾಯಿಯಲ್ಲೂ ತೆಳು ದನಿಗೆ ಜಾರಿಕೊಳ್ಳುವ ಅಭ್ಯಾಸವನ್ನು. ಆ ಮಾತು ಸರಿಯೇ. ಆದರೆ ಮೆಲುದನಿಯಿಂದ ಶುರು ಮಾಡಿ ನಿಧಾನಕ್ಕೆ ತುಂಬಿ ಮತ್ತೆ ಮೆಲುದನಿಗೆ ಇಳಿಸುವುದು ಬೇರೆ ಸಂಗತಿ. ಮಧ್ಯ ಪಂಚಮದ ಮೇಲೆ ಎಂಟು ಎಣಿಕೆಯಲ್ಲಿ ಇದನ್ನು ಮಾಡಿ ನೋಡಿ: ನಾಲ್ಕಕ್ಕೆ ಪೂರ್ತಿ, ಎಂಟಕ್ಕೆ ಮತ್ತೆ ಮೆಲ್ಲಗೆ. ಇಳಿಯುವಾಗ ದನಿ ತಟಕ್ಕನೆ ಕಡಿದು ಬೇರೆ ಬಣ್ಣಕ್ಕೆ ಹಾರಿದರೆ ಏರುವಾಗ ಬಿಗಿ ಹಿಡಿದಿದ್ದಿರಿ. ಕಡಿಯದೆ ಇಳಿದರೆ ಕಚೇರಿಯಲ್ಲಿ ಎಷ್ಟು ತುಂಬಿ ಹಾಡಿದರೂ ಭಯವಿಲ್ಲ.

ವಾಕ್_ಚಿಕಿತ್ಸಕಿ

ಮೇಲಿನ ಪರೀಕ್ಷೆಗಳು ಸರಿಯಾಗಿವೆ. ಚಿಕಿತ್ಸಾಲಯದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಐದೂವರೆ ಮನೆಯಲ್ಲಿ ತಾರ ಷಡ್ಜ ಎಂದರೆ ಸುಮಾರು 415 ಹರ್ಟ್ಜ್. ಧ್ವನಿ ತಂತುಗಳು ಸೆಕೆಂಡಿಗೆ ಅಷ್ಟು ಸಲ ಒಂದಕ್ಕೊಂದು ತಾಗುತ್ತವೆ, ನಿಮಿಷಕ್ಕೆ 25,000ದ ಹತ್ತಿರ. ತಾಗುವುದರಿಂದ ತೊಂದರೆಯಿಲ್ಲ, ಎಷ್ಟು ಬಲವಾಗಿ ತಾಗುತ್ತವೆ ಎಂಬುದರಲ್ಲಿ ತೊಂದರೆ. ಒತ್ತಿ ಹಾಡಿದಾಗ ತಂತುವಿನ ಕಂಪಿಸುವ ಭಾಗದ ನಡುವೆ ಪೆಟ್ಟು ಹೆಚ್ಚು ಬೀಳುತ್ತದೆ. ಮೊದಲು ಅಲ್ಲಿ ಊತ, ತಿಂಗಳುಗಟ್ಟಲೆ ಮುಂದುವರಿದರೆ ಎರಡೂ ಕಡೆ ಗಂಟು. ಶುರುವಿನ ಮೆತ್ತಗಿನ ಗಂಟುಗಳು ಧ್ವನಿ ಚಿಕಿತ್ಸೆಯಿಂದಲೇ ಕರಗುವುದುಂಟು. ಗಂಟು ಎಂದ ಕೂಡಲೇ ಆಪರೇಷನ್ ಎಂದು ಹೆದರಬೇಕಾಗಿಲ್ಲ.

ಮನೆಯಲ್ಲಿ ಅಳೆಯಬಹುದಾದ ಎರಡು ಲೆಕ್ಕ. ಒಂದು, ಆಳವಾಗಿ ಉಸಿರೆಳೆದು ಮಾತಿನ ಸ್ಥಾಯಿಯಲ್ಲಿ ‘ಆ’ ಎಷ್ಟು ಹೊತ್ತು ಹಿಡಿಯುತ್ತೀರಿ ಎಂಬುದು. ಮೂರು ಸಲ ಮಾಡಿ ಹೆಚ್ಚಿನದನ್ನು ಬರೆದುಕೊಳ್ಳಿ. ವಯಸ್ಕ ಹೆಂಗಸರಿಗೆ 15 ಸೆಕೆಂಡಿಗೆ ಮೇಲೆ ಬಂದರೆ ಸರಿ, 10ಕ್ಕಿಂತ ಕಡಿಮೆಯಾದರೆ ತೋರಿಸಿಕೊಳ್ಳಬೇಕು. ಎರಡು, ‘ಸ್‌’ ಎಂದು ಬರೀ ಗಾಳಿಯಲ್ಲಿ ಎಷ್ಟು ಸೆಕೆಂಡು, ‘ಜ಼್’ ಎಂದು ದನಿ ಸೇರಿಸಿ ಎಷ್ಟು ಸೆಕೆಂಡು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಆರೋಗ್ಯವಾಗಿದ್ದರೆ ಉತ್ತರ 1ರ ಆಸುಪಾಸು. ಸರಿಯಾಗಿ ಸೇರದ ತಂತುಗಳ ನಡುವೆ ಗಾಳಿ ಸೋರುವುದರಿಂದ ‘ಜ಼್’ ಮೊಟಕಾಗುತ್ತದೆ, 1.4 ದಾಟಿದರೆ ಅನುಮಾನಕ್ಕೆ ಎಡೆಯಿದೆ. ಇವು ರೋಗ ನಿರ್ಣಯವಲ್ಲ, ಬಾಗಿಲು ತಟ್ಟಬೇಕೇ ಎಂದು ತಿಳಿಯಲು ಅಷ್ಟೆ. ಚೆನ್ನಾಗಿ ಹಾಡುವವರಲ್ಲಿ ಉಸಿರಿನ ಹಿಡಿತ ಎಷ್ಟಿರುತ್ತದೆಂದರೆ ಸಣ್ಣ ಊತ ಈ ಲೆಕ್ಕಗಳಲ್ಲಿ ಕಾಣಿಸದೆ ತಪ್ಪಿಸಿಕೊಳ್ಳುತ್ತದೆ. ಮೆಲುದನಿಯ ಪರೀಕ್ಷೆ ಅಂಥವರಿಗೇ ಬೇಕು.

ಕಂಠ ಬಿಸಿ ಮಾಡಲು ಸ್ಟ್ರಾ ಬಳಸಿ. ಐದಾರು ಮಿಲಿಮೀಟರ್ ಅಗಲದ ಮಾಮೂಲಿ ಸ್ಟ್ರಾ, ಅರ್ಧ ಲೋಟ ನೀರು, ತುದಿ ನೀರಿನೊಳಗೆ ಎರಡು ಸೆಂಟಿಮೀಟರ್. ತುಟಿ ಸುತ್ತ ಸೋರದಂತೆ ಮುಚ್ಚಿ ಸ್ಟ್ರಾದೊಳಗೆ ‘ಊ’ ಎಂದು ಗುನುಗಿ. ಗುಳ್ಳೆ ಒಂದೇ ಸಮ ಬರಬೇಕು. ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಜಾರುತ್ತಾ ಹತ್ತಿ ಇಳಿಯಿರಿ, ಮೂರು ನಿಮಿಷ. ಬಾಯಲ್ಲಿ ಹಿಮ್ಮುಖ ಒತ್ತಡ ನಿಲ್ಲುವುದರಿಂದ ತಂತುಗಳು ಬಡಿದುಕೊಳ್ಳದೆ ಹಗುರವಾಗಿ ಕಂಪಿಸುತ್ತವೆ. ಹೆಚ್ಚು ಆಳಕ್ಕೆ ಇಳಿಸಿದರೆ ಮತ್ತೆ ತಳ್ಳಬೇಕಾಗುತ್ತದೆ, ಅದು ಬೇಡ. ಸ್ಟ್ರಾದಲ್ಲಿ ಸಲೀಸಾಗಿ ಬರುವ ಸ್ವರ ಬಾಯಿ ತೆರೆದ ಕೂಡಲೇ ಬಿಗಿಯಾದರೆ ತಂತುಗಳು ಬಹುಪಾಲು ಚೆನ್ನಾಗಿವೆ, ತೊಂದರೆ ನಾಲಗೆ, ದವಡೆ, ಬಾಯಿಯ ಆಕಾರದಲ್ಲಿದೆ. ಸ್ಟ್ರಾದಲ್ಲೂ ಕಡಿದರೆ ತಂತುಗಳನ್ನೇ ನೋಡಿಸಬೇಕು.

ಬಾಯಿಯ ಆಕಾರ ಅಂದೆ. ಹೆಣ್ಣು ಧ್ವನಿಯಲ್ಲಿ ತಾರಸ್ಥಾಯಿಯ ಸಾಹಿತ್ಯದಲ್ಲಿ ‘ಈ’, ‘ಊ’ ಬಂದಲ್ಲೇ ಬಿಗಿ ಹೆಚ್ಚು, ಗಮನಿಸಿ. ‘ಈ’ ಅಕ್ಷರದ ಮೊದಲ ಅನುರಣನ ಇರುವುದು ಸುಮಾರು 300ರಿಂದ 400 ಹರ್ಟ್ಜ್ ನಡುವೆ. ಸ್ವರ ಅದನ್ನು ದಾಟಿ ಮೇಲೆ ಹೋದಾಗ ಬಾಯಿಯ ಪೊಳ್ಳಿನಿಂದ ಸಿಗುತ್ತಿದ್ದ ಸಹಾಯ ತಪ್ಪುತ್ತದೆ, ದನಿ ತೆಳುವಾಗುತ್ತದೆ, ಹಾಡುವವರು ಗಂಟಲಿನಿಂದ ಅದನ್ನು ತುಂಬಿಸಹೋಗುತ್ತಾರೆ. ದವಡೆಯನ್ನು ಒಂದು ಬೆರಳಿನಷ್ಟು ಹೆಚ್ಚು ಇಳಿಸಿ ‘ಈ’ಯನ್ನು ‘ಎ’ ಕಡೆಗೆ ಸ್ವಲ್ಪವೇ ವಾಲಿಸಿದರೆ ಜೋರು ತಾನಾಗಿ ಬರುತ್ತದೆ. ಕೇಳುವವರಿಗೆ ಅಕ್ಷರ ಕೆಟ್ಟಂತೆ ಅನ್ನಿಸುವುದಿಲ್ಲ.

ಬೆಳಗಿನ ಜಾವದ ಮಂದ್ರ ಸಾಧನೆಯ ಬಗ್ಗೆ ಎಚ್ಚರಿಕೆ. ಎದ್ದ ಕೂಡಲೇ ದನಿ ದಪ್ಪವಾಗಿರುವುದು ರಾತ್ರಿಯ ಊತ ಮತ್ತು ಕಫದಿಂದ. ಆಗ ಗೊರಗೊರ ಎಂದು ಒತ್ತಿ ಕೆಳಗಿನ ಸ್ವರ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ನುಂಗಿದ ಯಾವುದೂ ಧ್ವನಿ ತಂತುಗಳನ್ನು ಮುಟ್ಟುವುದಿಲ್ಲ. ಕಲ್ಲುಸಕ್ಕರೆ, ಮೆಣಸು, ಜೇನು ಹಿತವೆನಿಸಿದರೆ ತೆಗೆದುಕೊಳ್ಳಿ. ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ. ಪುದೀನ ಸತ್ವದ ಚೀಪುವ ಗುಳಿಗೆ ಗಂಟಲನ್ನು ತಣ್ಣಗೆ ಮರಗಟ್ಟಿಸುವುದರಿಂದ ಎಚ್ಚರಿಕೆಯ ಸೂಚನೆಯೇ ತಿಳಿಯದೆ ಹೋಗುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ರಕ್ತಸ್ರಾವದ ಸಂಭವ ಹೆಚ್ಚಿಸುತ್ತವೆ. ಗಂಟಲು ಕೆರೆದುಕೊಳ್ಳುವ ಅಭ್ಯಾಸ ಇದ್ದರೆ ಪ್ರತಿ ಸಲ ಒಂದು ಗುಟುಕು ನೀರು ನುಂಗಿ.

ಇಎನ್‌ಟಿ ಡಾಕ್ಟರ ಬಳಿ ಹೋಗಬೇಕಾದ್ದು: ದನಿ ಒಡಕು ಎರಡು ಮೂರು ವಾರ ಕಳೆದರೂ ಹೋಗದಿದ್ದರೆ, ಹಾಡುವಾಗ ಅಥವಾ ನುಂಗುವಾಗ ನೋವಿದ್ದರೆ, ಮೇಲಿನ ಒಂದೆರಡು ಸ್ವರ ಕಾಯಮ್ಮಾಗಿ ಮಾಯವಾದರೆ. ಉಸಿರಾಟಕ್ಕೆ ತೊಂದರೆ, ಉಗುಳಿನಲ್ಲಿ ರಕ್ತ, ಕತ್ತಿನಲ್ಲಿ ಗಡ್ಡೆ ಇದ್ದರೆ ಕಾಯುವ ಮಾತೇ ಇಲ್ಲ. ಹಾಡುತ್ತಿರುವಾಗಲೇ ದನಿ ತಟ್ಟನೆ ನಿಂತುಹೋದರೆ ತಂತುವಿನಲ್ಲಿ ರಕ್ತ ಒಸರಿರಬಹುದು. ಆ ಕ್ಷಣ ಹಾಡು ನಿಲ್ಲಿಸಿ, ಮಾತೂ ನಿಲ್ಲಿಸಿ, ಪಿಸುಮಾತೂ ಬೇಡ, ಮರುದಿನದೊಳಗೆ ತೋರಿಸಿ. ಹೋದಲ್ಲಿ ಸ್ಟ್ರೋಬೋಸ್ಕೋಪಿ (ಮಿನುಗುವ ಬೆಳಕಿನಲ್ಲಿ ತಂತುವಿನ ಕಂಪನ ನೋಡುವ ತಪಾಸಣೆ) ಸೌಲಭ್ಯ ಇದೆಯೇ ಕೇಳಿ. ಬರೀ ದೀಪ ಹಾಕಿ ನೋಡಿದರೆ ತಂತುವಿನ ಅಲೆ ಕಾಣುವುದಿಲ್ಲ, ಸಣ್ಣ ಊತ ತಪ್ಪಿಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ತಪಾಸಣೆ, ಚಿಕಿತ್ಸೆ ಎರಡೂ ಇವೆ.

ಖರಜ್_ಧಾರವಾಡ

ನಮಸ್ಕಾರ್ರೀ. ಉತ್ತರ ಎಲ್ಲಾ ಛಲೋ ಅದಾವ. ಮೇಡಂ ಅವರ ಮಂದ್ರದ ಮಾತಿಗೆ ಮಾತ್ರ ನಂದೊಂದು ತಕರಾರು. ಗೊರಗೊರ ಮಾಡೋದು ಖರಜ್ (ಮಂದ್ರ ಸಾಧನಾ) ಅಲ್ರೀ, ಅದನ್ನ ಖರಜ್ ಅಂತ ತಿಳಕೊಂಡು ಮಾಡೋವ್ರಿಂದ ಖರಜಿಗೆ ಕೆಟ್ಟ ಹೆಸರು ಬಂದದ.

ಮಾಡೋ ರೀತಿ ಹಿಂಗ. ಎದ್ದು ಮುಖಾ ತೊಳದು, ನೀರು ಕುಡದು, ಅರ್ಧಾ ತಾಸು ಬಿಟ್ಟು ಕೂಡ್ರಿ. ಮಧ್ಯ ಸಪ್ತಕದ ಸಾ ಇಂದ ಒಂದೊಂದ ಸ್ವರ ಕೆಳಗ ಇಳೀರಿ. ಪ್ರತಿ ಸ್ವರ ಒಂದು ಉಸಿರು, ಹದಿನೈದು ಸೆಕೆಂಡು, ಮಾತಾಡೋದಕ್ಕಿಂತ ಸಣ್ಣ ಆವಾಜಿನೊಳಗ. ಸ್ವರ ದುಂಡಗ ಇರೋತನಕ ಅಷ್ಟ ಇಳೀಬೇಕು. ಯಾವ ಸ್ವರಕ್ಕ ಚೂರು ಹರಕು ಬಂತೋ ಅದರ ಮ್ಯಾಲಿನ ಸ್ವರನ ಇವತ್ತಿನ ನಿಮ್ಮ ತಳಾ. ಅಲ್ಲೇ ನಿಂತು ಐದಾರು ಸಲ ಮಾಡ್ರಿ, ಗದ್ದ ಎದಿಗೆ ಹಚ್ಚಬ್ಯಾಡ್ರಿ. ಹದಿನೈದು ನಿಮಿಷದ ಮ್ಯಾಲೆ ಬ್ಯಾಡ. ಹಿಂಗ ಮಾಡಿದ್ರ ತಂತು ಸಡಲ ಆಗ್ತಾವ, ಮ್ಯಾಲಿನ ಸಪ್ತಕಾನೂ ಹಗರ ಆಗ್ತದ. ದಿನಾ ಹರಕು ದನಿಯೊಳಗ ಕೆಳಗ ಜಗ್ಗಿದ್ರ ಮಾತ್ರ ಮೇಡಂ ಹೇಳಿದ್ದ ಆಗೋದು.

ಇನ್ನೊಂದು, ಯಾರೂ ಹೇಳಿಲ್ಲ. ತಂಬೂರಿ ಆ್ಯಪ್ ಎಷ್ಟು ಜೋರು ಇಟ್ಟೀರಿ? ಕಿವಿಗೆ ಇಯರ್‌ಫೋನ್ ಹಾಕಿ ತಂಬೂರಿ ಜೋರು ಮಾಡಿದ್ರ ನಮ್ಮ ದನಿ ನಮಗ ಕೇಳಂಗಿಲ್ಲ, ಗೊತ್ತಿಲ್ಲದಂಗ ಚೀರಾಕ ಶುರು ಆಗ್ತದ. ಫೋನು ಎರಡು ಮೊಳ ದೂರ ಇಟ್ಟು, ನಿಮ್ಮ ದನಿ ನಿಂತಾಗಷ್ಟ ತಂಬೂರಿ ಸ್ವಚ್ಛ ಕೇಳೂವಂಗ ಇಡ್ರಿ. ನಿಮ್ಮ ಐದೂವರಿ ಅಂದ್ರ ನಮ್ಮ ಕಾಳಿ ಚಾರ್, ಹಾರ್ಮೋನಿಯಂದ ನಾಲ್ಕನೇ ಕರಿ ಮನಿ. ಎಲ್ಲಾ ಹೆಣ್ಣಮಕ್ಕಳಿಗೂ ಅದ ಪಟ್ಟಿ (ಶ್ರುತಿ) ಹೊಂದ್ತದ ಅಂತ ಎಲ್ಲೂ ಬರದಿಲ್ಲ. ಪಟ್ಟಿ ಒಂದ್ಸಲ ಪರೀಕ್ಷಾ ಮಾಡ್ಕೋರಿ.

ಐದೂವರೆ_ಮನೆ

ಎಲ್ಲರಿಗೂ ಧನ್ಯವಾದ. ವಾರದ ಟಿಪ್ಪಣಿ ಇಟ್ಟೆ.

‘ಆ’ ಸುಲಭವಾಗಿ 18 ಸೆಕೆಂಡು ಬಂತು, ‘ಸ್‌’ ಭಾಗಿಸು ‘ಜ಼್’ 1.1. ಸ್ಟ್ರಾದಲ್ಲಿ ತಾರ ಷಡ್ಜದವರೆಗೆ ಎಲ್ಲೂ ಕಡಿಯಲಿಲ್ಲ. ಹೆಬ್ಬೆರಳಿಟ್ಟು ನೋಡಿದರೆ ನಿಷಾದದಿಂದಲೇ ಗಟ್ಟಿ. ಬೆಳಗಿನ ಮೆಲುದನಿ ಪರೀಕ್ಷೆಯಲ್ಲಿ ಶಾಲೆಯಿದ್ದ ದಿನದ ಮರುಬೆಳಿಗ್ಗೆ ರಿಷಭದಲ್ಲೇ ಗಾಳಿ, ಸೋಮವಾರ ಬೆಳಿಗ್ಗೆ ಮಾತ್ರ ಗಾಂಧಾರ ದಾಟಿ ಮಧ್ಯಮದವರೆಗೆ ತಿಳಿ. ಭಾನುವಾರವೂ ಸಾಧನೆ ಮಾಡಿದ್ದೆ. ಮಾತಿನ ರೆಕಾರ್ಡಿಂಗಿನಲ್ಲಿ ಸಾಧನೆಯ ಹಿಂದೆ ಮುಂದೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಶ್ರುತಿ ಐದೂವರೆ ಇರುವುದು ತರಗತಿಯಲ್ಲಿ ಎಲ್ಲ ಹುಡುಗಿಯರಿಗೂ ಅದೇ ಎಂಬ ಕಾರಣಕ್ಕೆ. ಬದಲಿಸಿದರೆ ಮಂದ್ರ ಇನ್ನೂ ಹೋಗಿಬಿಡುತ್ತದಲ್ಲವೇ?

ವಾಕ್_ಚಿಕಿತ್ಸಕಿ

ಸೋಮವಾರದ ಟಿಪ್ಪಣಿ ಚಿನ್ನದಂಥದ್ದು. ಭಾನುವಾರ ಹಾಡಿಯೂ ಸೋಮವಾರ ತಿಳಿಯಾಗಿದೆ ಎಂದರೆ ಊತ ಬರುತ್ತಿರುವುದು ಮುಖ್ಯವಾಗಿ ತರಗತಿಯ ಮಾತಿನಿಂದ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರ್ ಮತ್ತು ತಲೆಗೆ ಸಿಕ್ಕಿಸುವ ಮೈಕು ಶಿಕ್ಷಕರಿಗೆಂದೇ ಸಿಗುತ್ತವೆ, ತೆಗೆದುಕೊಳ್ಳಿ. ಫ್ಯಾನು ತಿರುಗುತ್ತಿರುವಾಗ ಹಿಂದಿನ ಬೆಂಚಿಗೆ ಕೂಗಿ ಹೇಳುವುದನ್ನು ನಿಲ್ಲಿಸಿ. ಮಕ್ಕಳನ್ನು ಸುಮ್ಮನಾಗಿಸಲು ಮೇಜು ತಟ್ಟಿ, ಚಪ್ಪಾಳೆ ಹೊಡೆಯಿರಿ. ಶಾಲೆಯಿಂದ ಬಂದು ಕನಿಷ್ಠ ಮುಕ್ಕಾಲು ಗಂಟೆ ಮಾತಿಲ್ಲದೆ ಇದ್ದು, ಸ್ಟ್ರಾ ಮುಗಿಸಿ ಆಮೇಲೆ ಹಾಡಿ. ವಾರದ ದಿನಗಳಲ್ಲಿ ಒಂದೇ ಬಾರಿಗೆ ಒಂದು ಗಂಟೆ ಬೇಡ, 20 ನಿಮಿಷದ ಎರಡು ಕಂತು, ನಡುವೆ ಹತ್ತು ನಿಮಿಷ ಮೌನ. ಮೂರು ವಾರ ಹೀಗೆ ಮಾಡಿಯೂ ವಾರದ ನಡುವಿನ ಬೆಳಿಗ್ಗೆಗಳು ರಿಷಭದಲ್ಲೇ ಉಳಿದರೆ ಸ್ಟ್ರೋಬೋಸ್ಕೋಪಿ ಮಾಡಿಸಿ. ಹೋಗುವಾಗ ಈ ಟಿಪ್ಪಣಿ ಮತ್ತು ಆ ರೆಕಾರ್ಡಿಂಗು ಒಯ್ಯಿರಿ.

ಮಂದ್ರ_ಪಂಚಮ

ಶ್ರುತಿಯ ಲೆಕ್ಕ ನೋಡೋಣ. ಹೆಣ್ಣು ಧ್ವನಿಯಲ್ಲಿ ಎದೆಯ ದನಿಯಿಂದ ತಲೆಯ ದನಿಗೆ (ಮೇಲಿನ ಹಗುರ ದನಿಗೆ) ದಾಟುವ ಸೇತುವೆ ಸುಮಾರು 330ರಿಂದ 440 ಹರ್ಟ್ಜ್ ನಡುವೆ ಇರುತ್ತದೆ, ಅವರವರಿಗೆ ಸ್ವಲ್ಪ ಆಚೀಚೆ. ಐದೂವರೆಯಲ್ಲಿ ಮಾಯಾಮಾಳವಗೌಳದ (ಸರಳೆ, ಜಂಟಿ ಹಾಡುವ ರಾಗ) ಮಧ್ಯ ಧೈವತದಿಂದ ತಾರ ರಿಷಭದವರೆಗಿನ ಜಾಗ ಅದೇ. ವರ್ಣದ ಓಡಾಟವೆಲ್ಲ ಅಲ್ಲೇ. ನಿಮ್ಮ ನಾಲಗೆ ಬುಡ ನಿಷಾದದಿಂದ ಗಟ್ಟಿಯಾಗುವುದಕ್ಕೂ ಇದಕ್ಕೂ ಸಂಬಂಧ ಇದೆ. ಎದೆಯ ದನಿಯನ್ನೇ ಎತ್ತಿಕೊಂಡು ಸೇತುವೆ ದಾಟಲು ನೋಡುತ್ತಿದ್ದೀರಿ.

ಆ ರಾಗದ ಅಂತರ ಗಾಂಧಾರ ತಾರದಲ್ಲಿ ಐದೂವರೆಗೆ 523 ಹರ್ಟ್ಜ್, ಐದಕ್ಕೆ 494, ನಾಲ್ಕೂವರೆಗೆ 466. ಮಂದ್ರ ಪಂಚಮ ಅದೇ ಕ್ರಮದಲ್ಲಿ 156, 147, 139. ನಾಲ್ಕೂವರೆ ನಿಮಗೆ ಬೇಡ, ಮಂದ್ರ ಹೋಗಿಬಿಡುತ್ತದೆ ಎಂಬ ನಿಮ್ಮ ಹೆದರಿಕೆ ಅಲ್ಲಿ ನಿಜವಾಗುತ್ತದೆ. ಐದು ಮನೆ ಪ್ರಯತ್ನಿಸಿ. ಪರೀಕ್ಷೆ ಸಂಜೆ ಮಾಡಿ, ಬೆಳಿಗ್ಗೆ ಎಲ್ಲರ ದನಿಯೂ ಕೆಳಗಿಳಿದಿರುವುದರಿಂದ ಮೋಸವಾಗುತ್ತದೆ. ಕಂಠ ಬಿಸಿಯಾದ ಮೇಲೆ ಮಂದ್ರ ಪಂಚಮ ಮೆಲ್ಲಗೆ, ಹರಕಿಲ್ಲದೆ ಎಂಟು ಎಣಿಕೆ ನಿಲ್ಲಬೇಕು. ಪಕ್ಕದ ಕೋಣೆಗೆ ಕೇಳಬೇಕಾಗಿಲ್ಲ, ಮೈಕು ಇರುವುದು ಯಾಕೆ? ತಾರ ಗಾಂಧಾರ ‘ಆ’ದಲ್ಲಿ ಎಂಟು ಎಣಿಕೆ, ಮೆಲ್ಲಗೆ ಹುಟ್ಟಿ ತುಂಬಿ ಮೆಲ್ಲಗೆ ಮುಗಿಯಬೇಕು. ತಾರ ಪಂಚಮ ಒಮ್ಮೆ ಮುಟ್ಟಿ ಬಂದರೆ ಸಾಕು, ನಿಲ್ಲಬೇಕಾಗಿಲ್ಲ. ಬೇರೆ ಬೇರೆ ಮೂರು ಸಂಜೆ ಇದು ಬಂದರೆ ಆ ಶ್ರುತಿ ನಿಮ್ಮದು.

ಐದು ಮನೆಗೆ ಇಳಿದ ಮಾತ್ರಕ್ಕೆ ನಾಲಗೆಯ ಬಿಗಿ ಹೋಗದು, ಅದು ಅಭ್ಯಾಸ. ಅದಕ್ಕೆ ಒಂದು ತಿಂಗಳ ಕ್ರಮ: ವರ್ಣವನ್ನು ಎರಡನೇ ಕಾಲದಲ್ಲಿ ಹಾಡುವುದು ನಿಲ್ಲಿಸಿ. ಮೊದಲ ಕಾಲದಲ್ಲಿ ಪಲ್ಲವಿ, ಅನುಪಲ್ಲವಿ ಮಾತ್ರ, ಸಾಹಿತ್ಯ ಬಿಟ್ಟು ‘ಆ’ದಲ್ಲಿ, ಎರಡು ಆವರ್ತಕ್ಕೊಮ್ಮೆ ಹೆಬ್ಬೆರಳಿಟ್ಟು ನೋಡುತ್ತಾ. ಪ ದ ನಿ ಸ ಮೇಲೆ ಹತ್ತುವಾಗ ಪ್ರತಿ ಸ್ವರಕ್ಕೂ ಜೋರನ್ನು ಚೂರು ಕಡಿಮೆ ಮಾಡಿ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಇದರ ತಿರುವುಮುರುವು, ಹತ್ತಿದಂತೆ ಜೋರು. ಉಸಿರಿಗೂ ಕಣ್ಣಿಡಿ: ಸಾಲಿನ ಕೊನೆಗೆ ಉಳಿದ ಗಾಳಿಯನ್ನು ಹೊರಗೆ ಬಿಟ್ಟು ಆಮೇಲೆ ಎಳೆದುಕೊಳ್ಳಬೇಕಾಗುತ್ತಿದ್ದರೆ ಅಗತ್ಯಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತಿದ್ದೀರಿ, ಆ ಹೆಚ್ಚುವರಿ ಗಾಳಿಯನ್ನು ಗಂಟಲೇ ತಡೆಹಿಡಿಯಬೇಕಾಗುತ್ತದೆ. ನಿಮಿಷಕ್ಕೆ 60 ಎಣಿಕೆಯಲ್ಲಿ ಆದಿತಾಳದ ಒಂದು ಆವರ್ತ 8 ಸೆಕೆಂಡು. 18 ಸೆಕೆಂಡು ‘ಆ’ ಹಿಡಿಯುವವರಿಗೆ ಎದೆ ಬಿರಿಯುವಂತೆ ಉಸಿರೆಳೆಯುವ ಅಗತ್ಯವಿಲ್ಲ.

ಟ್ಯೂನರ್ ಆ್ಯಪ್ ಬಳಸುವುದಾದರೆ ಷಡ್ಜ ಪಂಚಮಕ್ಕೆ ಮಾತ್ರ ಬಳಸಿ. ಸಾಧನೆಯ ಶುರುವಿನಲ್ಲಿ, ಕೊನೆಯಲ್ಲಿ ತಂಬೂರಿ ನಿಲ್ಲಿಸಿ ಒಂದು ನಿಮಿಷ ಹಾಡಿ ಷಡ್ಜಕ್ಕೆ ಬಂದು ನಿಂತು ನೋಡಿ. ಸದಾ ಮೇಲಕ್ಕೆ ಸರಿದಿದ್ದರೆ ಒತ್ತಡ, ಸದಾ ಕೆಳಕ್ಕೆ ಜಾರಿದ್ದರೆ ದಣಿವು. ಗಮಕವಿರುವ ಸ್ವರಕ್ಕೆ ಆ ಮುಳ್ಳು ಏನು ತೋರಿಸಿದರೂ ನಂಬಬೇಡಿ.

ಮೇಷ್ಟ್ರಿಗೆ ಹೇಳುವಾಗ “ಶ್ರುತಿ ಬದಲಿಸುತ್ತೇನೆ” ಎನ್ನುವ ಬದಲು “ಐದರಲ್ಲಿ ತಾರಸ್ಥಾಯಿ ಮೆಲ್ಲಗೂ ನಿಲ್ಲುತ್ತಿದೆ, ಒಂದು ಸಲ ಕೇಳಿ ಹೇಳಿ ಮೇಷ್ಟ್ರೇ” ಎಂದು ಹಾಡಿ ತೋರಿಸಿ. ತರಗತಿ ಐದೂವರೆಯಲ್ಲೇ ನಡೆದರೆ ಗುಂಪಿನಲ್ಲಿ ಹಾಡುವಾಗ ತಾರಸ್ಥಾಯಿಯ ಸಾಲುಗಳನ್ನು ಅರ್ಧ ದನಿಯಲ್ಲಿ ಹಾಡಿ, ಉಳಿದವರ ಜೋರಿಗೆ ಪೈಪೋಟಿ ಮಾಡಬೇಡಿ.